ಮನೆ ಬಿಡುವ ದಿನವೂ ಒಂದು ಕಾಗದ ಬೇಕು

ಕಳೆದ ತಿಂಗಳು ಬಳ್ಳಾರಿಯ ಸತ್ಯನಾರಾಯಣಪೇಟೆಯ ಬಾಡಿಗೆ ಮನೆ ಖಾಲಿ ಮಾಡಿದೆವು. ಈ ಸಲ ಅಡ್ವಾನ್ಸ್ ಪೂರ್ತಿ ಕೈಗೆ ಬಂತು. ಹಿಂದಿನ ಮನೆಯಲ್ಲಿ ಬಂದಿರಲಿಲ್ಲ. ಆ ನೋವು ಇನ್ನೂ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಆ ಮನೆ ಕೌಲ್ ಬಜಾರ್‌ನಲ್ಲಿತ್ತು. ಅಡ್ವಾನ್ಸ್ 40 ಸಾವಿರ. ಸಾಮಾನೆಲ್ಲ ಲಗೇಜ್ ಆಟೋಗೆ ಹೇರಿ ಕೀ ಕೊಟ್ಟೆ. ‘ದುಡ್ಡು ಒಂದು ವಾರದಾಗ ಕೊಡ್ತೀವಿ, ಹೋಗಿ ಬರ್ರಿ’ ಅಂದರು. ಎರಡು ತಿಂಗಳು ಓಡಾಡಿದ ಮೇಲೆ 27 ಸಾವಿರ ಬಂತು. ಉಳಿದದ್ದು ಸುಣ್ಣ-ಬಣ್ಣಕ್ಕಂತೆ, ಕಿಟಕಿ ಕೆಳಗಿನ ಗೋಡೆ ರಿಪೇರಿಗಂತೆ. ಆ ಗೋಡೆ ನನಗೆ ಚೆನ್ನಾಗಿ ಗೊತ್ತು. ನಮಗಿಂತ ಮುಂಚೆ ಇದ್ದವರ ಕೂಲರ್ ನೀರು ಸೋರಿ ಸೋರಿ ಪ್ಲಾಸ್ಟರ್ ಉಬ್ಬಿತ್ತು. ಬೆರಳಿಟ್ಟರೆ ಹಪ್ಪಳದಂತೆ ಮುರಿಯುತ್ತಿತ್ತು. ನಾವು ಆ ಮನೆ ಸೇರಿದ ದಿನವೇ ಹಾಗಿತ್ತು. ಆದರೆ ನನ್ನ ಹತ್ತಿರ ಒಂದು ಫೋಟೋ ಇರಲಿಲ್ಲ. ಏನಂತ ವಾದ ಮಾಡಲಿ?

ಮನೆ ಸೇರುವಾಗ ಸ್ಟಾಂಪ್ ಪೇಪರ್ ತಂದು, ಸಾಕ್ಷಿ ಹಾಕಿಸಿ ಕರಾರು ಬರೆಸುತ್ತೇವೆ. ಬಿಡುವಾಗ ಬರೀ ಬಾಯಿಮಾತು. ಜಗಳ ಹುಟ್ಟೋದು ಬಿಡುವಾಗಲೇ ಅಲ್ವಾ?

ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಬೇಕು ಅಂತ ಹೆಚ್ಚಿನವರು 11 ತಿಂಗಳಿಗೇ ಬರೆಸುತ್ತಾರೆ. ಅವಧಿ ಮುಗಿದರೂ ಸುಮ್ನೆ ಬಾಡಿಗೆ ಕೊಡುತ್ತಾ ಇರುತ್ತೇವೆ, ಅವರೂ ತೆಗೆದುಕೊಳ್ಳುತ್ತಾರೆ. ಆಗ ಅದು ತಿಂಗಳ ಬಾಡಿಗೆ ಲೆಕ್ಕಕ್ಕೆ ಬರುತ್ತದೆ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಬಿಡುವವರಾಗಲಿ ಬಿಡಿಸುವವರಾಗಲಿ 15 ದಿನ ಮುಂಚೆ ಬರೆದು ತಿಳಿಸಬೇಕು. ಇದು 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲೇ ಇದೆ. ಸಹಜವಾಗಿ ಸವೆದದ್ದಕ್ಕೆ ಬಾಡಿಗೆದಾರರು ಹೊಣೆಯಲ್ಲ ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಆರು ವರ್ಷದ ಬಣ್ಣ ಮಂಕಾಗುವುದು ನಮ್ಮ ತಪ್ಪಲ್ಲ. ಸಿಂಕ್ ಒಡೆದಿದ್ದರೆ ಅದು ನಮ್ಮದೇ, ಕೊಡಲೇಬೇಕು.

ಲೀಸಿಗೆ ಇರುವವರ ಕಷ್ಟ ಇನ್ನೂ ಜಾಸ್ತಿ. ಲಕ್ಷಗಟ್ಟಲೆ ದುಡ್ಡು ಓನರ್ ಕೈಯಲ್ಲಿರುತ್ತದೆ, ಅದು ಎಲ್ಲೋ ಖರ್ಚಾಗಿರುತ್ತದೆ. ಹೊಸಬರು ಬಂದು ದುಡ್ಡು ಕೊಟ್ಟರೆ ನಿಮಗೆ ಕೊಡ್ತೀವಿ ಅಂತಾರೆ. ದಯವಿಟ್ಟು ದುಡ್ಡು ಬರುವ ಮುಂಚೆ ಕೀ ಕೊಡಬೇಡಿ. ಎರಡೂ ಒಂದೇ ಹೊತ್ತಿಗೆ ಕೈ ಬದಲಾಗಲಿ.

ಈ ಸಲ ನಾನು ತಿಂಗಳು ಮುಂಚೆಯೇ ಪತ್ರ ಬರೆದು ಕೊಟ್ಟೆ, ವಾಟ್ಸಾಪ್‌ನಲ್ಲೂ ಕಳಿಸಿದೆ. ಖಾಲಿ ಕೋಣೆಗಳ ವಿಡಿಯೋ ಮಾಡಿಕೊಂಡೆ. ಜೆಸ್ಕಾಂ ಬಿಲ್ ಕಟ್ಟಿ, ಗೃಹಜ್ಯೋತಿಯನ್ನು ಆ ಮನೆಯ ಆರ್‌ಆರ್ ನಂಬರಿನಿಂದ ಸೇವಾ ಸಿಂಧುನಲ್ಲಿ ಬಿಡಿಸಿದೆ. ಇದನ್ನು ಬಹಳ ಜನ ಮರೆಯುತ್ತಾರೆ. ಆಮೇಲೆ ಆಧಾರ್ ಹಳೇ ಮನೆಗೇ ಅಂಟಿಕೊಂಡು ಹೊಸ ಮನೆಗೆ ಅರ್ಜಿ ಹಾಕುವಾಗ ಒದ್ದಾಡಬೇಕಾಗುತ್ತದೆ.

ಕೊನೆಯ ದಿನ ಒಂದು ಬಿಳಿ ಹಾಳೆ ತೆಗೆದುಕೊಂಡೆ. ಬಿಟ್ಟ ತಾರೀಕು, ಕೊಟ್ಟ ಮೂರು ಕೀ, ಮೀಟರ್ ರೀಡಿಂಗ್, ವಾಪಸ್ ಬಂದ ಅಡ್ವಾನ್ಸ್, ಇನ್ನು ಯಾರದೂ ಬಾಕಿ ಇಲ್ಲ ಅನ್ನುವ ಮಾತು. ಅಷ್ಟೇ ಬರೆದೆ. ಓನರ್ ಅಮ್ಮ ಕನ್ನಡಕ ಹಾಕಿಕೊಂಡು ರೀಡಿಂಗ್ ಎರಡು ಸಲ ಓದಿದರು. ಫೋನ್‌ಪೇ ಮಾಡಿ, ಸಹಿ ಹಾಕಿ, ‘ನನಗೂ ಒಂದು ಕಾಪಿ ಕೊಡವ್ವ, ಮ್ಯಾಲಿನ ಮನೆಯವ್ರು ಬಿಡೋ ಮುಂದೂ ಹಿಂಗ ಬರೆಸ್ತೀನಿ’ ಅಂದರು.