ಬೆಲೆ ತಾನಾಗಿ ಇಳಿಯುವಂಥದ್ದಲ್ಲ

ಜೀನ್ ಚಿಕಿತ್ಸೆ, ಅಂದರೆ ರೋಗಿಯ ಜೀನುಗಳನ್ನು ತಿದ್ದಿ ಅಥವಾ ಸರಿಯಾದ ಜೀನನ್ನು ಸೇರಿಸಿ ಮಾಡುವ ಚಿಕಿತ್ಸೆಯ ಕುರಿತ ಲೇಖನವೊಂದನ್ನು ಓದಿದೆ. ಮೊಬೈಲ್‌ನಂತೆ ಇದರ ಬೆಲೆಯೂ ಕಾಲ ಕಳೆದಂತೆ ತಾನಾಗಿಯೇ ಇಳಿಯುತ್ತದೆ ಎಂಬ ಅದರ ಲೇಖಕರ ಮಾತನ್ನು ಒಪ್ಪಲಾರೆ. ಮೊಬೈಲ್ ಅಗ್ಗವಾದದ್ದು ಕೋಟ್ಯಂತರ ಜನ ಕೊಂಡಿದ್ದರಿಂದ. ವಿರಳ ರೋಗಿಗಳಿಗೆ, ಅದೂ ಜೀವಮಾನದಲ್ಲಿ ಒಮ್ಮೆ ಮಾತ್ರ ಕೊಡುವ ಮದ್ದಿಗೆ ಆ ಲೆಕ್ಕ ಹೊಂದುವುದಿಲ್ಲ. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೊಫಿಲಿಯಾ ಬಿ ರೋಗಕ್ಕೆ ಫೈಜರ್ ಕಂಪನಿ ತಂದ ಬೆಕ್ವೆಜ್ ಎಂಬ ಜೀನ್ ಚಿಕಿತ್ಸೆಗೆ 2024ರ ಏಪ್ರಿಲ್‌ನಲ್ಲಿ ಅಮೆರಿಕದ ಅನುಮತಿ ಸಿಕ್ಕಿತು. 35 ಲಕ್ಷ ಡಾಲರ್ ಬೆಲೆಯ ಅದನ್ನು, ಬೇಡಿಕೆಯಿಲ್ಲವೆಂದು, ವರ್ಷ ತುಂಬುವ ಮೊದಲೇ ಕಂಪನಿ ಕೈಬಿಟ್ಟಿತು.

ನಮ್ಮ ದಕ್ಷಿಣ ಕೊಡಗಿನ ಬುಡಕಟ್ಟು ಹಾಡಿಗಳಲ್ಲಿ ಯರವ, ಜೇನುಕುರುಬ ಕುಟುಂಬಗಳನ್ನು ಕಾಡುವ, ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಆನುವಂಶಿಕ ರೋಗವಾದ ಸಿಕಲ್ ಸೆಲ್ ರಕ್ತಹೀನತೆಗೆ ಕ್ಯಾಸ್ಗೆವಿ ಎಂಬ ಚಿಕಿತ್ಸೆ 2023ರಲ್ಲೇ ಬಂದಿದೆ. ರೋಗಿಯ ಆಕರಕೋಶಗಳನ್ನು (ರಕ್ತಕಣಗಳನ್ನು ಹುಟ್ಟಿಸುವ ಮೂಲ ಕೋಶಗಳನ್ನು) ತೆಗೆದು, ಜೀನನ್ನು ಕತ್ತರಿಸಿ ಬದಲಿಸುವ ಕ್ರಿಸ್ಪರ್ ತಂತ್ರದಿಂದ ತಿದ್ದಿ, ತೀವ್ರ ಕೀಮೋಥೆರಪಿಯಿಂದ ಮೂಳೆಯ ಮಜ್ಜೆಯನ್ನು ಬರಿದುಮಾಡಿದ ಮೇಲೆ ಅವನ್ನು ಮರಳಿ ದೇಹಕ್ಕೆ ಸೇರಿಸುತ್ತಾರೆ. ಅಮೆರಿಕದಲ್ಲಿ ಇದಕ್ಕೆ 22 ಲಕ್ಷ ಡಾಲರ್. ಹಣವನ್ನು ಬದಿಗಿಟ್ಟರೂ, ತೋಟದ ದಿನಗೂಲಿಯನ್ನೇ ನಂಬಿದವರು ವಾರಗಟ್ಟಲೆ ದೂರದ ಆಸ್ಪತ್ರೆಯಲ್ಲಿ ಉಳಿಯುವುದು ಹೇಗೆ?

ಲೇಖನ ಬಿಟ್ಟುಬಿಟ್ಟ ಸಂಗತಿಯೊಂದಿದೆ: ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ಹಿಮೊಫಿಲಿಯಾದ ಇನ್ನೊಂದು ಬಗೆಯಾದ ಹಿಮೊಫಿಲಿಯಾ ಎ ಇದ್ದ ಐವರಿಗೆ ಜೀನ್ ಚಿಕಿತ್ಸೆ ನೀಡಿ, 2024ರ ಡಿಸೆಂಬರ್‌ನಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ. ಬೆಲೆ ಇಳಿಯುವುದಿದ್ದರೆ ಇಂತಹ ಸಾರ್ವಜನಿಕ ಹಣದ ಸಂಶೋಧನೆಯಿಂದಲೇ ಇಳಿದೀತು. ಅಲ್ಲಿಯವರೆಗೆ, ಸಿಕಲ್ ಸೆಲ್ ರೋಗಿಗಳ ನೋವಿನ ಕಾಟ ತಗ್ಗಿಸುವ ಹೈಡ್ರಾಕ್ಸಿಯೂರಿಯಾದಂತಹ ಅಗ್ಗದ ಮಾತ್ರೆ ಮಳೆಗಾಲದಲ್ಲೂ ಹಾಡಿಗೆ ತಪ್ಪದೆ ತಲುಪುವಂತಾಗಬೇಕು.