ಅಂಗಿ ಸುಟ್ಟರೆ ಕಿಕ್ ಬರಲ್ಲ: ಹೆಂಪ್ ಬಗ್ಗೆ ಒಂದಿಷ್ಟು

ನನ್ನ ಹತ್ತಿರ ಹೆಂಪ್ ಬಟ್ಟೆಯ ಒಂದು ಅಂಗಿ ಇದೆ. ಹೆಂಪ್ ಅಂದರೆ ಗಾಂಜಾದ್ದೇ ಜಾತಿಯ, ಆದರೆ ನಾರು, ಬೀಜಕ್ಕಾಗಿ ಬೆಳೆಯುವ ಗಿಡ. ಹಾಕಿಕೊಂಡಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, "ಏನಪ್ಪಾ, ಈ ಅಂಗಿ ಸುಟ್ಟರೆ ಕಿಕ್ ಬರುತ್ತಾ?" ಬರಲ್ಲ. ಕೆಮ್ಮು ಬರಬಹುದು ಅಷ್ಟೇ. ಮೊದಮೊದಲು ನಾನೂ ನಗುತ್ತಿದ್ದೆ. ಈಗ ನಗು ಬರುವುದಿಲ್ಲ. ಯಾಕೆಂದರೆ ಇದೇ ತಮಾಷೆ ಎಷ್ಟೋ ದೇಶಗಳ ಕಾನೂನಿನೊಳಗೂ ಮುಖ ಗಂಟುಹಾಕಿಕೊಂಡು ಕೂತಿದೆ.

ಇನ್ನೊಂದು ಕಡೆ ಹೆಂಪ್ ಭಕ್ತರಿದ್ದಾರೆ. ಅವರ ಕಾಟ ಬೇರೆ ತರದ್ದು. ಹೆಂಪ್ ಬೆಳೆದರೆ ಕಾಡು ಉಳಿಯುತ್ತೆ, ಹತ್ತಿ ಬೇಡವಾಗುತ್ತೆ, ಪ್ಲಾಸ್ಟಿಕ್ ಹೋಗುತ್ತೆ, ಮನೆ ಕಟ್ಟಬಹುದು, ಕಾರು ಮಾಡಬಹುದು, ರೈತ ಉದ್ಧಾರ. ಇವರ ಮಾತು ಕೇಳಿ ದುಡ್ಡು ಹಾಕಿ ಕೈಸುಟ್ಟುಕೊಂಡವರು ಕಡಿಮೆ ಇಲ್ಲ. ಈ ಇಬ್ಬರ ನಡುವೆ ಪಾಪದ ಗಿಡ ಸಿಕ್ಕಿಹಾಕಿಕೊಂಡಿದೆ.

ಕನ್ನಡದಲ್ಲಿ ಇದಕ್ಕೊಂದು ಸರಿಯಾದ ಹೆಸರೂ ಇಲ್ಲ ನೋಡಿ. ಪೇಪರ್‌ನವರು 'ಕೈಗಾರಿಕಾ ಸೆಣಬು' ಅಂತ ಬರೆಯುತ್ತಾರೆ. ಆದರೆ ಸೆಣಬು ಅಂದರೆ ನಮಗೆ ಗೋಣಿಚೀಲದ ಜೂಟ್, ಇಲ್ಲವೇ ಹಸಿರೆಲೆ ಗೊಬ್ಬರಕ್ಕೆ ಹಾಕುವ ಹಳದಿ ಹೂವಿನ ಗಿಡ. ಎರಡೂ ಇದಕ್ಕೆ ನೆಂಟರಲ್ಲ. 'ಗಾಂಜಾ ಗಿಡ' ಅಂದರೋ, ಮಾತು ಅಲ್ಲಿಗೇ ನಿಂತಿತು. ಅದಕ್ಕೇ ಸುಮ್ನೆ ಹೆಂಪ್ ಅನ್ನುತ್ತೇನೆ.

ಗಿಡದ ಜಾತಿ ಒಂದೇ ಅನ್ನುವುದು ನಿಜ. ಹೆಂಪ್, ಗಾಂಜಾ ಎರಡೂ ಕ್ಯಾನಬಿಸ್ ಸಟೈವಾ. ನಶೆ ಕೊಡುವ ವಸ್ತು ಟಿಎಚ್‌ಸಿ. ಅದು ಹೆಚ್ಚಾಗಿ ಇರುವುದು ಹೆಣ್ಣು ಹೂಗೊಂಚಲಿನ ಮೇಲಿನ ಅಂಟಿನಲ್ಲಿ. ದಂಟಿನ ನಾರಿನಲ್ಲಿ ಇಲ್ಲ ಅನ್ನುವಷ್ಟು ಕಮ್ಮಿ. ಬೀಜದ ಒಳಗೂ ಅಷ್ಟೇ. ಬೀಜದ ಮೇಲೆ ಸ್ವಲ್ಪ ಸಿಕ್ಕಿದರೆ ಅದು ಹೂವಿನ ಅಂಟು ತಾಗಿದ್ದು. ನಶೆಗೆ ಬೆಳೆಯುವ ಗಿಡದ ಹೂವಿನಲ್ಲಿ ಈಗೀಗ ಟಿಎಚ್‌ಸಿ ಶೇ. 15, 20ರವರೆಗೂ ಇರುತ್ತದೆ. ಹೆಂಪ್ ತಳಿಗಳಲ್ಲಿ ಸಾಮಾನ್ಯವಾಗಿ ಶೇ. 0.3ರ ಒಳಗೆ. ಅಂದರೆ ಒಂದು ಕಿಲೋ ಒಣ ಹೂವಿಗೆ 3 ಗ್ರಾಂ.

ಬೆಳೆಯುವ ರೀತಿಯೂ ಬೇರೆ. ನಾರಿಗೆ ಅಂದರೆ ಒತ್ತೊತ್ತಾಗಿ ಬಿತ್ತುತ್ತಾರೆ. ಬೆಳಕಿಗಾಗಿ ಗಿಡಗಳು ಒಂದನ್ನೊಂದು ತಳ್ಳಿಕೊಂಡು ನೆಟ್ಟಗೆ ಮೇಲೇಳುತ್ತವೆ. ಬೆರಳು ದಪ್ಪದ ದಂಟು, ಆಳೆತ್ತರ ದಾಟಿ ಇನ್ನೂ ಒಂದಾಳು. ಕೆಳಗೆ ಕಳೆ ಏಳುವುದಕ್ಕೆ ಬಿಸಿಲೇ ಬೀಳುವುದಿಲ್ಲ. ನಶೆಯ ಗಿಡವನ್ನು ದೂರ ದೂರ ನೆಟ್ಟು, ಪೊದೆಯಾಗಿ ಹರಡಿಸಿ, ಗಂಡು ಗಿಡಗಳನ್ನು ಹುಡುಕಿ ಕಿತ್ತು ಬೆಳೆಸುತ್ತಾರೆ. ಪರಾಗ ಬಿದ್ದರೆ ಹೂವು ಬೀಜ ಕಟ್ಟುತ್ತದೆ, ಮಾಲು ಕೆಡುತ್ತದೆ. ಹಾಗಾಗಿ "ಹೆಂಪ್ ಹೊಲದ ನಡುವೆ ಗಾಂಜಾ ಬಚ್ಚಿಡುತ್ತಾರೆ" ಅನ್ನುವ ಭಯ ಇದೆಯಲ್ಲ, ಅದು ಗಿಡ ಗೊತ್ತಿಲ್ಲದವರ ಭಯ. ಈ ಗಿಡದ ಪರಾಗ ಗಾಳಿಯಲ್ಲಿ ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. ಗಾಂಜಾ ಬೆಳೆಯುವವನಿಗೆ ಹೆಂಪ್ ಹೊಲದಂಥ ಶತ್ರು ಇನ್ನೊಂದಿಲ್ಲ.

ಉಪಯೋಗದ ವಿಷಯಕ್ಕೆ ಬರೋಣ. ನೂಲಿನ ಕೆಲಸ ಮಾಡುವ ಗೆಳೆಯನೊಬ್ಬ ಒಂದು ಗೇಣುದ್ದದ ಒಣ ಹೆಂಪ್ ದಂಟು ಕೊಟ್ಟಿದ್ದ. ಮುರಿದು ನೋಡು ಅಂದ. ಮುರಿದೆ. ಒಳಗಿನ ಕಡ್ಡಿ ಬಿಸ್ಕತ್ತಿನ ಹಾಗೆ ಟಕ್ ಅಂತ ಮುರಿಯಿತು. ಹೊರಗಿನ ತೊಗಟೆ ಮಾತ್ರ ಬಿಡಲಿಲ್ಲ. ಎರಡು ತುಂಡೂ ಅದರ ಎಳೆ ಹಿಡಿದು ಜೋತಾಡುತ್ತಿದ್ದವು. ಕೈಗೆ ಸುತ್ತಿಕೊಂಡು ಎಳೆದೆ. ಎಳೆ ಹರಿಯಲಿಲ್ಲ, ಬೆರಳು ಕೆಂಪಾಯಿತು. ಹೆಂಪ್‌ನ ಅರ್ಧ ಅರ್ಥಶಾಸ್ತ್ರ ಆ ತುಂಡಿನಲ್ಲೇ ಇದೆ. ದಂಟಿನ ತೂಕದಲ್ಲಿ ಸುಮಾರು ಕಾಲು ಭಾಗ ತೊಗಟೆಯ ನಾರು, ಮಿಕ್ಕ ಮುಕ್ಕಾಲು ಒಳಗಿನ ಕಡ್ಡಿ. ಎರಡಕ್ಕೂ ಗಿರಾಕಿ ಸಿಕ್ಕಿದರೆ ಮಾತ್ರ ಲೆಕ್ಕ ಸರಿಹೋಗುತ್ತದೆ.

ನಾರಿನ ಗಟ್ಟಿತನ ಹೊಸ ಸುದ್ದಿಯೇನಲ್ಲ. ಹಾಯಿ ಹಡಗುಗಳ ಕಾಲದಲ್ಲಿ ಹಗ್ಗ, ಹಾಯಿ ಎಲ್ಲ ಇದರದ್ದೇ. ಕ್ಯಾನ್ವಾಸ್ ಅನ್ನುವ ಪದವೇ ಕ್ಯಾನಬಿಸ್‌ನಿಂದ ಬಂದಿದ್ದು. ಈಗ ಯುರೋಪಿನಲ್ಲಿ ಈ ನಾರನ್ನು ಕಾರಿನ ಬಾಗಿಲಿನ ಒಳಪದರಕ್ಕೆ ಒತ್ತಿ ಕೂರಿಸುತ್ತಾರೆ. ತೆಳು ಕಾಗದಕ್ಕೆ, ಸಿಗರೇಟಿನ ಕಾಗದಕ್ಕೆ ಬಳಸುತ್ತಾರೆ. ಒಳಗಿನ ಕಡ್ಡಿಯನ್ನು ಚೂರು ಮಾಡಿ ಸುಣ್ಣ, ನೀರು ಬೆರೆಸಿದರೆ ಹೆಂಪ್‌ಕ್ರೀಟ್. ಮರದ ಚೌಕಟ್ಟಿನ ಸುತ್ತ ಹಲಗೆ ಕಟ್ಟಿ ತುಂಬಿ, ಹಗುರವಾಗಿ ಅದುಮಿ ಬಿಡುತ್ತಾರೆ. ಫ್ರಾನ್ಸ್‌ನಲ್ಲಿ ಹಳೆ ಮರದ ಮನೆಗಳ ರಿಪೇರಿಗೆ ಇದು 1980ರ ದಶಕದಲ್ಲಿ ಶುರುವಾಯಿತು. ಬಿಸಿ, ಚಳಿ ತಡೆಯುತ್ತದೆ, ತೇವ ಹೀರಿಕೊಂಡು ಮತ್ತೆ ಹೊರಬಿಡುತ್ತದೆ, ಸುಲಭಕ್ಕೆ ಬೆಂಕಿ ಹತ್ತುವುದಿಲ್ಲ. ನನಗೆ ಹೆಂಪ್‌ನಲ್ಲಿ ಜಾಸ್ತಿ ನಂಬಿಕೆ ಇರುವುದೇ ಇದರ ಮೇಲೆ. ಆದರೆ ಹೆಸರಲ್ಲಿ 'ಕ್ರೀಟ್' ಇದೆ ಅಂತ ಕಾಂಕ್ರೀಟ್ ಅಂದುಕೊಳ್ಳಬೇಡಿ. ಅದು ಭಾರ ಹೊರುವುದಿಲ್ಲ. ಮನೆಯನ್ನು ನಿಲ್ಲಿಸುವುದು ಚೌಕಟ್ಟು, ಹೆಂಪ್ ಅದಕ್ಕೆ ಹೊದಿಕೆ. ಒಣಗುವುದಕ್ಕೂ ವಾರಗಟ್ಟಲೆ ಬೇಕು. ಅವಸರದಲ್ಲಿ ಮೇಲೆ ಬಣ್ಣ ಬಳಿದರೆ ಒಳಗೆ ಬೂಷ್ಟು.

ಬೀಜ ಒಳ್ಳೆಯದು. ಸುಮಾರು ಶೇ. 30 ಎಣ್ಣೆ, ಶೇ. 25ರಷ್ಟು ಪ್ರೋಟೀನ್. ಎಣ್ಣೆ ಬೇಗ ಕಮಟು ಹಿಡಿಯುತ್ತದೆ, ಕರಿಯುವುದಕ್ಕೆ ಆಗಿಬರುವುದಿಲ್ಲ.

ಇನ್ನು ಸುಳ್ಳುಗಳು. ಹೆನ್ರಿ ಫೋರ್ಡ್ 1941ರಲ್ಲಿ ಹೆಂಪ್ ಕಾರು ಮಾಡಿದ್ದ ಅಂತ ಒಂದು ಫೋಟೋ ಸುತ್ತುತ್ತಾ ಇರುತ್ತದೆ. ಆ ಕಾರು ಸೋಯಾಬೀನ್ ಕಾರು ಅಂತಲೇ ಹೆಸರಾಗಿದ್ದು. ಬೇರೆ ಬೇರೆ ನಾರುಗಳ ಜೊತೆ ಹೆಂಪ್ ಇದ್ದಿದ್ದರೂ ಇದ್ದೀತು, ಹೆಂಪ್ ಕಾರಂತೂ ಅಲ್ಲ. ಇನ್ನೊಂದು, 25,000 ಉಪಯೋಗಗಳು ಅನ್ನುವ ಲೆಕ್ಕ. ಇದು ಅಮೆರಿಕದ ಪಾಪ್ಯುಲರ್ ಮೆಕ್ಯಾನಿಕ್ಸ್ ಪತ್ರಿಕೆಯ 1938ರ ಫೆಬ್ರವರಿ ಸಂಚಿಕೆಯಲ್ಲಿ ಬಂದಿದ್ದು. ಡೈನಮೈಟ್‌ನಿಂದ ಹಿಡಿದು ಸೆಲೋಫೇನ್‌ವರೆಗೆ ಎಲ್ಲವೂ ಆ ಲೆಕ್ಕದಲ್ಲಿದೆ. ಸೆಲ್ಯುಲೋಸ್ ಇರುವ ಯಾವ ಗಿಡಕ್ಕಾದರೂ ಅಂಥ ಪಟ್ಟಿ ಮಾಡಬಹುದು. ಮೂರನೇದು ನನ್ನನ್ನು ಜಾಸ್ತಿ ಕೆರಳಿಸುವುದು: "ಒಂದೇ ಗಿಡದಿಂದ ನಾರು, ಬೀಜ, ಹೂವು, ಎಲ್ಲ ಸಿಗುತ್ತೆ." ಸಿಗುತ್ತೆ, ಎಲ್ಲವೂ ಎರಡನೇ ದರ್ಜೆಯದ್ದು. ನವಿರಾದ ನಾರು ಬೇಕಿದ್ದರೆ ಹೂ ಬಿಡುವ ಹೊತ್ತಿಗೇ ಕೊಯ್ಯಬೇಕು. ಬೀಜ ಬಲಿಯಲಿ ಅಂತ ಕಾದರೆ ನಾರು ಒರಟಾಗುತ್ತದೆ. ಬಲಿತ ಬೆಳೆಯನ್ನು ಕಟಾವು ಮಷೀನಿಗೆ ಕೊಟ್ಟು ನೋಡಿ, ನಾರು ಶಾಫ್ಟಿಗೆ ಸುತ್ತಿಕೊಂಡು ಬಿಗಿಯುತ್ತಾ ಹೋಗುತ್ತದೆ, ಬೇರಿಂಗ್ ಕಾದು ಹೊಗೆ ಏಳುತ್ತದೆ. ಚಾಕು ಹಿಡಿದು ಕೆಳಗೆ ಮಲಗಿ ಎಳೆ ಎಳೆಯಾಗಿ ಕತ್ತರಿಸಿ ತೆಗೆಯಬೇಕು.

ಈಗ ಕಾನೂನು. ಈ ಶೇ. 0.3 ಎಲ್ಲಿಂದ ಬಂತು? ಅರ್ನೆಸ್ಟ್ ಸ್ಮಾಲ್ ಅಂತ ಕೆನಡಾದ ಸಸ್ಯಶಾಸ್ತ್ರಜ್ಞ. 1976ರಲ್ಲಿ ಅವರು ಅಮೆರಿಕದ ಸಸ್ಯಶಾಸ್ತ್ರಜ್ಞ ಆರ್ಥರ್ ಕ್ರಾಂಕ್ವಿಸ್ಟ್ ಜೊತೆ ಸೇರಿ ಈ ಗಿಡದ ವರ್ಗೀಕರಣದ ಬಗ್ಗೆ ಒಂದು ಪ್ರಬಂಧ ಬರೆದರು. ನಶೆಯ ಗಿಡ, ನಾರಿನ ಗಿಡ ಬೇರೆ ಮಾಡುವುದಕ್ಕೆ ಎಲ್ಲೋ ಒಂದು ಕಡೆ ಗೆರೆ ಬೇಕಿತ್ತು. 0.3 ಅಂತ ಇಟ್ಟರು. ಇದು ನಾವು ನಮ್ಮ ಅನುಕೂಲಕ್ಕೆ ಇಟ್ಟ ಗೆರೆ ಅಂತ ಅಲ್ಲೇ ಒಪ್ಪಿಕೊಂಡಿದ್ದಾರೆ. ಇನ್ನೂ ಒಂದು ಮಜಾ ಇದೆ. ಅವರು ಹೇಳಿದ್ದು ಎಳೆಯ ಎಲೆಯ ಲೆಕ್ಕ. ಅಮೆರಿಕದ ನಿಯಮದಲ್ಲಿ ಅದೇ ಸಂಖ್ಯೆಯನ್ನು ಹೂವಿನ ತುದಿ ಕತ್ತರಿಸಿ ಅಳೆಯುತ್ತಾರೆ, ಟಿಎಚ್‌ಸಿ ಅತಿ ಜಾಸ್ತಿ ಇರುವ ಜಾಗದಲ್ಲಿ. ಗಿಡಗಳನ್ನು ವಿಂಗಡಿಸಲು ಎಳೆದ ಗೆರೆ ರೈತ ಯಾರು, ಅಪರಾಧಿ ಯಾರು ಅಂತ ತೀರ್ಮಾನಿಸುವ ಗೆರೆಯಾಯಿತು. ಯುರೋಪ್ ಒಕ್ಕೂಟ ಬಹಳ ವರ್ಷ 0.2 ಇಟ್ಟುಕೊಂಡು 2023ರಿಂದ 0.3 ಮಾಡಿತು. ಸ್ವಿಟ್ಜರ್ಲೆಂಡ್‌ನಲ್ಲಿ ಶೇ. 1. ಒಂದೇ ಹೊಲದ ಬೆಳೆ ಗಡಿ ದಾಟಿದ ಕೂಡಲೇ ಮಾದಕ ವಸ್ತುವಾಗಬಹುದು.

ಗಡಿ ದಾಟಿದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ್ದೇ ಉದಾಹರಣೆ. 2018ರ ಡಿಸೆಂಬರ್‌ನಲ್ಲಿ ಅಲ್ಲಿನ ಫಾರ್ಮ್ ಬಿಲ್, ಅಂದರೆ ಕೃಷಿ ಕಾಯ್ದೆ, ಹೆಂಪನ್ನು ಮಾದಕ ವಸ್ತುಗಳ ಪಟ್ಟಿಯಿಂದ ತೆಗೆಯಿತು. ಮುಂದಿನ ತಿಂಗಳೇ ಆರೆಗಾನ್‌ನಿಂದ ಕೊಲರಾಡೋಗೆ ಹೆಂಪ್ ಹೊತ್ತು ಹೊರಟ ಒಂದು ಲಾರಿಯನ್ನು ನಡುವೆ ಐಡಹೋ ರಾಜ್ಯದಲ್ಲಿ ಹಿಡಿದರು. ಸುಮಾರು 3 ಟನ್ ಮಾಲು. ನೋಡಲು, ಮೂಸಲು ಎರಡೂ ಒಂದೇ ತರ. ಸ್ಥಳದಲ್ಲೇ ಮಾಡುವ ಟೆಸ್ಟ್ ಟಿಎಚ್‌ಸಿ ಇದೆ ಅನ್ನುತ್ತದೆ, ಎಷ್ಟಿದೆ ಅಂತ ಹೇಳುವುದಿಲ್ಲ. ಐಡಹೋ ಕಾನೂನಿನಲ್ಲಿ ಆಗ ಹೆಂಪ್, ಗಾಂಜಾ ಅನ್ನುವ ಭೇದವೇ ಇರಲಿಲ್ಲ. ಡ್ರೈವರ್ ಮೇಲೆ ಕನಿಷ್ಠ 5 ವರ್ಷ ಜೈಲಿನ ಕೇಸು. ಕೊನೆಗೆ ಸಣ್ಣ ತಪ್ಪೊಂದನ್ನು ಒಪ್ಪಿಕೊಂಡು ಪಾರಾದ. ಬಾಡಿಗೆಗೆ ಲಾರಿ ಓಡಿಸುವವನಿಗೆ ಶೇಕಡಾವಾರು ಲೆಕ್ಕ ಏನು ಗೊತ್ತು?

ಇದೇ ದೇಶ 1937ರಲ್ಲಿ ತೆರಿಗೆ ಕಾಯ್ದೆ ತಂದು ಹೆಂಪ್ ಬೆಳೆಗಾರರನ್ನೂ ಗಾಂಜಾ ಜೊತೆ ಕಟ್ಟಿಹಾಕಿತು. ಐದೇ ವರ್ಷಕ್ಕೆ ಯುದ್ಧ. ಫಿಲಿಪೀನ್ಸ್ ಜಪಾನ್ ಕೈಗೆ ಹೋಗಿ ಹಡಗಿನ ಹಗ್ಗದ ನಾರು ನಿಂತುಹೋಯಿತು. 1942ರಲ್ಲಿ ಕೃಷಿ ಇಲಾಖೆಯೇ ಪ್ರಚಾರ ಚಿತ್ರ ತೆಗೆದು ಹೆಂಪ್ ಬೆಳೆಯಿರಿ ಅಂತ ರೈತರನ್ನು ಕರೆಯಿತು. ಯುದ್ಧ ಮುಗಿಯಿತು, ಮತ್ತೆ ಬೇಡ. ಗಿಡ ಆ ಐದು ವರ್ಷದಲ್ಲಿ ಏನೂ ಬದಲಾಗಿರಲಿಲ್ಲ.

ದಾರಿ ಇಲ್ಲ ಅಂತಲ್ಲ. 1961ರ ವಿಶ್ವಸಂಸ್ಥೆಯ ಮಾದಕ ವಸ್ತು ಒಪ್ಪಂದದ 28ನೇ ವಿಧಿ ಓದಿ ನೋಡಿ. ನಾರು ಮತ್ತು ಬೀಜಕ್ಕಾಗಿ ಮಾತ್ರ ಬೆಳೆಯುವ ಗಿಡಕ್ಕೆ ಈ ಒಪ್ಪಂದ ಅನ್ವಯಿಸುವುದಿಲ್ಲ ಅಂತ ಸ್ಪಷ್ಟವಾಗಿ ಇದೆ. ಅಲ್ಲಿ ಶೇಕಡಾವಾರು ಇಲ್ಲ. ಯಾತಕ್ಕೆ ಬೆಳೆಯುತ್ತೀರಿ ಅನ್ನುವುದಷ್ಟೇ ಪ್ರಶ್ನೆ. ಭಾರತದ 1985ರ ಮಾದಕ ವಸ್ತು ಕಾಯ್ದೆ, ಅಂದರೆ ಎನ್‌ಡಿಪಿಎಸ್ ಕಾಯ್ದೆಯ 14ನೇ ಸೆಕ್ಷನ್ ಕೂಡ ನಾರು, ಬೀಜಕ್ಕಾಗಿ ಬೆಳೆಯಲು ಸರ್ಕಾರ ಅನುಮತಿ ಕೊಡಬಹುದು ಅನ್ನುತ್ತದೆ. ಬಾಗಿಲು ಇದ್ದದ್ದೇ, ತಟ್ಟಿದವರು ಕಡಿಮೆ. ಉತ್ತರಾಖಂಡ 2018ರಲ್ಲಿ ಲೈಸೆನ್ಸ್ ಕೊಟ್ಟ ಮೊದಲ ರಾಜ್ಯವಾಯಿತು. 2021ರ ನವೆಂಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಹೆಂಪ್ ಬೀಜ, ಎಣ್ಣೆ, ಹಿಟ್ಟನ್ನು ಆಹಾರ ಅಂತ ಒಪ್ಪಿಕೊಂಡಿತು. ಫ್ರಾನ್ಸ್‌ನಲ್ಲಂತೂ ಹೆಂಪ್ ಬೆಳೆ ನಿಂತದ್ದೇ ಇಲ್ಲ.

ನನ್ನ ವಾದ ಇಷ್ಟೇ. ದಂಟು ಮತ್ತು ಬೀಜದ ಬೆಳೆ ಒಂದು, ಹೂವಿನ ಬೆಳೆ ಇನ್ನೊಂದು. ಕಾನೂನಿನಲ್ಲಿ ಇವೆರಡಕ್ಕೆ ಬೇರೆ ಬೇರೆ ಕಟ್ಟು ಇರಬೇಕು. ನೋಂದಾಯಿತ ತಳಿಯ ಬೀಜ ತಂದು ಬಿತ್ತಿ ದಂಟು ಮಾರುವವನ ಹೊಲಕ್ಕೆ ಹೋಗಿ ಹೂ ಕತ್ತರಿಸಿ ಲ್ಯಾಬಿಗೆ ಕಳಿಸುವುದರಲ್ಲಿ ಅರ್ಥ ಇಲ್ಲ. ಹೂ ಮಾರುವವನನ್ನು ಬೇಕಾದರೆ ಬಿಗಿಯಾಗಿ ನೋಡಿ, ನನ್ನ ತಕರಾರಿಲ್ಲ. ಅಮೆರಿಕ 2018ರಲ್ಲಿ ಎರಡನ್ನೂ ಒಂದೇ ಚೀಲಕ್ಕೆ ತುಂಬಿತು. ಏನಾಯಿತು? ರೈತರು ಮುಗಿಬಿದ್ದು ಸಿಬಿಡಿ (ಹೂವಿನಲ್ಲೇ ಇರುವ, ನಶೆ ಕೊಡದ ಇನ್ನೊಂದು ವಸ್ತು) ಎಣ್ಣೆಗಾಗಿ ಹೂ ಬೆಳೆದರು. ದರ ಕುಸಿಯಿತು. 2021ರಲ್ಲಿ ಸುಮಾರು 54,000 ಎಕರೆ ಇದ್ದ ಬೆಳೆ ಮರುವರ್ಷ 28,000ಕ್ಕೆ ಇಳಿಯಿತು. ಬೆಳೆಯ ಒಟ್ಟು ಮೌಲ್ಯ 82 ಕೋಟಿ ಡಾಲರ್‌ನಿಂದ 24 ಕೋಟಿಯ ಆಸುಪಾಸಿಗೆ ಬಂತು. ಇತ್ತ ಸಿಬಿಡಿಯನ್ನೇ ಲ್ಯಾಬಿನಲ್ಲಿ ಡೆಲ್ಟಾ-8 ಟಿಎಚ್‌ಸಿ ಮಾಡಿ 'ಇದೂ ಹೆಂಪ್ ತಾನೇ' ಅಂತ ನಶೆಯ ಮಿಠಾಯಿ ಮಾರಿದರು. ಕಾನೂನಿನಲ್ಲಿ ಡೆಲ್ಟಾ-9, ಅಂದರೆ ಗಾಂಜಾದ ಮಾಮೂಲಿ ಟಿಎಚ್‌ಸಿ, ಅಂತ ಮಾತ್ರ ಇತ್ತಲ್ಲ! 2025ರ ನವೆಂಬರ್‌ನಲ್ಲಿ ಆ ಕಂಡಿ ಮುಚ್ಚುವ ಹೊಸ ಕಾನೂನು ಬಂತು. ಹೆಸರು ಕೆಟ್ಟದ್ದು ಮಾತ್ರ ನಾರಿನ ಗಿಡಕ್ಕೂ ಸೇರಿಯೇ.

ಕಾನೂನು ಸರಿಯಾದರೂ ಇನ್ನೊಂದು ಕಗ್ಗಂಟಿದೆ. ಅದರ ಬಗ್ಗೆ ಭಕ್ತರು ಬಾಯಿ ಬಿಡುವುದಿಲ್ಲ. ಕೊಯ್ದ ದಂಟನ್ನು ವಾರಗಟ್ಟಲೆ ಹೊಲದಲ್ಲೇ ಇಬ್ಬನಿಗೆ ಹರವಿ ಕೊಳೆಸಬೇಕು, ತೊಗಟೆಯ ಅಂಟು ಬಿಡಲಿ ಅಂತ. ಕಮ್ಮಿ ಕೊಳೆತರೆ ನಾರು ಬಿಡುವುದಿಲ್ಲ, ಜಾಸ್ತಿ ಕೊಳೆತರೆ ನಾರೇ ಪುಡಿ. ಆಮೇಲೆ ನಾರು, ಕಡ್ಡಿ ಬೇರೆ ಮಾಡುವ ದೊಡ್ಡ ಮಷೀನು ಬೇಕು. ಒಣ ದಂಟು ಲಾರಿ ತುಂಬುತ್ತದೆ, ತೂಕ ತುಂಬುವುದಿಲ್ಲ. ದೂರ ಸಾಗಿಸಿದರೆ ಬಂದ ದುಡ್ಡೆಲ್ಲ ಡೀಸೆಲ್‌ಗೆ ಹೋಯಿತು. ಮಷೀನು ಇಲ್ಲ ಅಂತ ಯಾರೂ ಬೆಳೆಯುವುದಿಲ್ಲ, ಬೆಳೆ ಇಲ್ಲ ಅಂತ ಯಾರೂ ಮಷೀನು ಹಾಕುವುದಿಲ್ಲ.

ಹೋದ ವಾರ ಒಬ್ಬರು ಫೋನ್ ಮಾಡಿದ್ದರು. ಹೆಂಪ್‌ನಲ್ಲಿ ದುಡ್ಡು ಹಾಕುತ್ತಿದ್ದಾರಂತೆ, ನನ್ನ ಅಭಿಪ್ರಾಯ ಬೇಕಂತೆ. "ಸರ್, ದಂಟು ಬಿಡಿಸುವ ಮಷೀನು ಎಷ್ಟು ದೂರದಲ್ಲಿದೆ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. "ಕೇಳಿ ಹೇಳ್ತೀನಿ" ಅಂದರು. ಮಾರನೇ ದಿನ ವಾಟ್ಸಾಪ್‌ಗೆ ಒಂದು ಪಿಡಿಎಫ್ ಬಂತು. ಮಷೀನಿನ ಸುದ್ದಿ ಎಲ್ಲೂ ಇರಲಿಲ್ಲ. ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿತ್ತು: 25,000 ಉಪಯೋಗಗಳು.