ರಾಕೆಟ್ ಸಾಲಿನ ಹಿಂದಿನ ಪುಟಗಳು

ಬೆಳಗ್ಗೆಯಿಂದ ಮೂರು ಗ್ರೂಪ್‌ಗಳಲ್ಲಿ ಅದೇ ಫಾರ್ವರ್ಡ್. ಅಮೆರಿಕದ ರಾಷ್ಟ್ರಗೀತೆಯಲ್ಲಿ ಬರುವ ರಾಕೆಟ್ಟಿನ ಕೆಂಪು ಬೆಳಕಿನ ಮೂಲ ನಮ್ಮ ಮೈಸೂರು ಅಂತ. ಸುಳ್ಳೇನಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು. ಅವುಗಳನ್ನು ನೋಡಿ ಅಲ್ಲಿನ ವಿಲಿಯಂ ಕಾಂಗ್ರೀವ್ ತನ್ನದನ್ನು ಮಾಡಿದ. 1814ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷರು ಅಮೆರಿಕದ ಬಾಲ್ಟಿಮೋರ್‌ನ ಕೋಟೆ ಮೇಲೆ ಹಾರಿಸಿದ್ದು ಆ ರಾಕೆಟ್‌ಗಳನ್ನೇ.

ಈ ಸಲ ಜೊತೆಗೆ ಒಂದು ಹಳೆ ಪುಟದ ಫೋಟೋ ಇತ್ತು. ಅದನ್ನು ನೋಡಿ ಸುಮ್ನೆ ಇರಲಾಗಲಿಲ್ಲ. ಫಿಲಡೆಲ್ಫಿಯಾದ ‘ಅನಲೆಕ್ಟಿಕ್ ಮ್ಯಾಗಜೀನ್’, ನವೆಂಬರ್ 1814. ಪೇಪರ್‌ಗಳಲ್ಲಿ ಆಗಲೇ ಬಂದಿದ್ದ, ಮುಂದೆ ರಾಷ್ಟ್ರಗೀತೆಯಾದ ಆ ಪದ್ಯವನ್ನು ಇವರು ಮತ್ತೆ ಅಚ್ಚು ಹಾಕಿದ್ದರು. ನನ್ನನ್ನು ಬಲ್ಲವರಿಗೆ ಗೊತ್ತು, ಈ ಪತ್ರಿಕೆಯ ಸ್ಕ್ಯಾನ್‌ಗಳಲ್ಲಿ ಎಷ್ಟು ರಾತ್ರಿ ಕಳೆದಿದ್ದೇನೆ ಅಂತ. ಇಷ್ಟು ದೊಡ್ಡ ಪತ್ರಿಕೆಯಿಂದ ಒಂದೇ ಪದ್ಯ, ಅದರಲ್ಲೂ ಒಂದೇ ಸಾಲು ಸಾಕಾ?

1813ರಿಂದ ಸುಮಾರು ಎರಡು ವರ್ಷ ಇದರ ಸಂಪಾದಕ ಅಮೆರಿಕದ ಲೇಖಕ ವಾಷಿಂಗ್ಟನ್ ಅರ್ವಿಂಗ್. ಬ್ರಿಟನ್ ಜೊತೆ ಯುದ್ಧ ನಡೆಯುತ್ತಿದ್ದ ಕಾಲ. ಜೂನ್ 1, 1813ರಂದು ಬಾಸ್ಟನ್ ಹತ್ತಿರ ಅಮೆರಿಕದ ಯುದ್ಧನೌಕೆ ‘ಚೆಸಪೀಕ್’ ಸೋತಿತು. ಗಾಯಗೊಂಡ ಕ್ಯಾಪ್ಟನ್ ಲಾರೆನ್ಸ್ ಕೆಲವೇ ದಿನಗಳಲ್ಲಿ ತೀರಿಕೊಂಡ. ಆಗಸ್ಟ್ ಸಂಚಿಕೆಯಲ್ಲಿ ಅವನ ಜೀವನಚರಿತ್ರೆ ಬಂದೇ ಬಿಟ್ಟಿತು, ಅರ್ವಿಂಗ್ ಬರೆದದ್ದು. ಆಮೇಲೆ ಅದೇ ನೌಕಾಪಡೆಯ ಪೆರಿ, ಪೋರ್ಟರ್ ಬಗ್ಗೆ.

ಇದೆಲ್ಲ ಬ್ರಿಟಿಷ್ ಪತ್ರಿಕೆಗಳಿಂದ ಎತ್ತಿದ ಸರಕು ಅಂತ ಒಬ್ಬರು ಕಾಮೆಂಟ್ ಹಾಕಿದ್ದಾರೆ. ಜಾಸ್ತಿ ಪುಟಗಳು ಹಾಗೇ, ಒಪ್ಪುತ್ತೇನೆ. ಪತ್ರಿಕೆಯ ಹೆಸರಿನ ಅರ್ಥವೇ ಹಕ್ಕಲು ಆಯ್ದದ್ದು ಅಂತ. ಅದರಲ್ಲಿ ಮುಚ್ಚುಮರೆ ಏನಿದೆ? ಯುದ್ಧ ನಡೆಯುವಾಗಲೂ ಶತ್ರುದೇಶದ ಒಳ್ಳೆ ಬರಹವನ್ನು ತಮ್ಮ ಓದುಗರಿಗೆ ಕೊಟ್ಟರಲ್ಲ. ನನಗೆ ಅದು ದೊಡ್ಡದಾಗಿ ಕಾಣುತ್ತದೆ.

ಆದರೆ ನನ್ನ ಹೊಟ್ಟೆ ಉರಿ ಬೇರೆ. ಅದೇ 1814ರ ಫೆಬ್ರವರಿ ಸಂಚಿಕೆ ತೆಗೆದು ನೋಡಿ. ಅಮೆರಿಕದ ಮೂಲನಿವಾಸಿಗಳ ಬಗ್ಗೆ ಅರ್ವಿಂಗ್ ಬರೆದ ಪ್ರಬಂಧ ಇದೆ. ಯುದ್ಧದಿಂದ ಜನರ ಮನಸ್ಸು ಕಲ್ಲಾಗುತ್ತಿದೆ, ಇವರ ಪರವಾಗಿ ಮಾತಾಡಲು ಇದು ಒಳ್ಳೆ ಕಾಲವಲ್ಲ ಅಂತಲೇ ಶುರುಮಾಡುತ್ತಾನೆ. ಆಮೇಲೆ ಮಾತಾಡುತ್ತಾನೆ. ಮುಂದಿನ ತಿಂಗಳು, ಮಾರ್ಚ್ 27ರಂದು, ಹಾರ್ಸ್‌ಶೂ ಬೆಂಡ್‌ನಲ್ಲಿ ಅಮೆರಿಕದ ಜನರಲ್ ಜಾಕ್ಸನ್ನನ ಸೈನ್ಯ ಎಂಟುನೂರಕ್ಕೂ ಹೆಚ್ಚು ಕ್ರೀಕ್ ಮೂಲನಿವಾಸಿಗಳನ್ನು ಕೊಂದಿತು. ಜೂನ್ ಸಂಚಿಕೆಯಲ್ಲಿ ಅರ್ವಿಂಗ್ ಮತ್ತೆ ಬರೆದ. ಈ ಸಲ ಮೆಟಕಾಮ್ ಬಗ್ಗೆ. 1676ರಲ್ಲಿ ಇಂಗ್ಲಿಷ್ ವಸಾಹತಿನವರ ಪಡೆ ಕೊಂದು, ತಲೆ ಕಡಿದು ಪ್ಲಿಮತ್‌ನಲ್ಲಿ ನಿಲ್ಲಿಸಿದ್ದ ಮೂಲನಿವಾಸಿ ನಾಯಕ. ಅವನನ್ನು ಅರ್ವಿಂಗ್ ದೇಶಪ್ರೇಮಿ ಎಂದು ಕರೆದ. ಲಾರೆನ್ಸ್, ಪೆರಿಯರನ್ನು ಹೊಗಳಿದ ಅದೇ ಪತ್ರಿಕೆಯಲ್ಲಿ!

ಒಂದು ಮಾತು ಹೇಳಿಬಿಡುತ್ತೇನೆ. ಆ ರಾಕೆಟ್ ಪುಟವನ್ನು ವರ್ಷಗಳ ಹಿಂದೆ ನಾನೇ ಹೆಮ್ಮೆಯಿಂದ ಹಂಚಿದ್ದೆ. ಆಗ ಫೆಬ್ರವರಿ ಸಂಚಿಕೆ ಓದಿರಲಿಲ್ಲ. ಓದಿದ ರಾತ್ರಿ ನಿದ್ದೆ ಬರಲಿಲ್ಲ. ಹೊಗಳಿಕೆ ಕೇಳಲು ಓದುಗರು ಕಾಯುತ್ತಿದ್ದಾಗ ಈ ಮಾತನ್ನು ಅಚ್ಚಿಗೆ ಕಳಿಸಲು ಎಷ್ಟು ಧೈರ್ಯ ಬೇಕು, ಅಲ್ವಾ?

ಆ ಸಂಚಿಕೆಯ ಲಿಂಕ್ ಮೊದಲ ಕಾಮೆಂಟಿನಲ್ಲಿ ಹಾಕಿದ್ದೇನೆ. ಮೊದಲ ವಾಕ್ಯ ಉದ್ದ ಇದೆ. ನಿಧಾನವಾಗಿ ಓದಿ.